ಪರವಾನಗಿಗೆ ಕಾದು ಕುಳಿತ ಹಣ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಕೈಯಲ್ಲಿ ನಾಲ್ಕು ಕಾಸು ಮಿಕ್ಕಿದರೆ ಅದು ಚೀಟಿಗೋ ಚಿನ್ನಕ್ಕೋ ಸೈಟಿಗೋ ಹೋಗುತ್ತಿತ್ತು. ಈಗ ಫೋನಿನಲ್ಲೇ ಡಿಮ್ಯಾಟ್ ಖಾತೆ ತೆರೆಯಬಹುದು. ರೇಷ್ಮೆಗೂಡು ಮಾರಿದ ದುಡ್ಡು, ಕಬ್ಬಿನ ಬಿಲ್ಲಿನ ದುಡ್ಡು, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಕಳಿಸಿದ ದುಡ್ಡು ಷೇರಿನತ್ತಲೂ ಹರಿಯುತ್ತಿದೆ. ಅದರಲ್ಲಿ ವೈದ್ಯಕೀಯ ಸಾಧನ ತಯಾರಿಸುವ ಕಂಪನಿಗಳ ಆಕರ್ಷಣೆಯೇ ಬೇರೆ. ಒಂದು ಹನಿ ರಕ್ತದಲ್ಲಿ ಕಾಯಿಲೆ ಹೇಳುವ ಪೆಟ್ಟಿಗೆ, ಹೊಸ ಬಗೆಯ ಸ್ಟೆಂಟು, ಸೂಜಿಯಿಲ್ಲದ ಸಕ್ಕರೆ ಪರೀಕ್ಷೆ ಎಂದೆಲ್ಲ ಕೇಳಿದಾಗ ಹಣವೂ ಬರುತ್ತದೆ, ಪುಣ್ಯವೂ ಬರುತ್ತದೆ ಎಂಬ ಭಾವನೆ ಹುಟ್ಟುತ್ತದೆ. ಹಣ ಹಾಕಿದ ಮೇಲೆ ಉಳಿಯುವುದು ಒಂದೇ ಪ್ರಶ್ನೆ: “ಅಪ್ರೂವಲ್ ಯಾವಾಗಣ್ಣ ಬತ್ತದ?”

ಆ ಪ್ರಶ್ನೆಯ ಸುತ್ತ ಬೆಳೆದಿರುವ ತಪ್ಪು ತಿಳಿವಳಿಕೆಗಳು ಸಣ್ಣವಲ್ಲ. ಈ ಮೂರು ತಾಲ್ಲೂಕಿನವರಿಗೆ ಇದು ಎರಡು ಕಡೆಯಿಂದ ಮುಟ್ಟುವ ವಿಷಯ. ಹಣ ಹೂಡುವವರೂ ಇಲ್ಲಿದ್ದಾರೆ, ಆ ಸಾಧನಕ್ಕೆ ನಾಳೆ ಕೈ ಚಾಚುವ ರೋಗಿಗಳೂ ಇಲ್ಲೇ ಇದ್ದಾರೆ. ಎಷ್ಟೋ ಸಲ ಇಬ್ಬರೂ ಒಂದೇ ಮನೆಯವರು. ಆದ್ದರಿಂದ ಒಂದೊಂದಾಗಿ ಬಿಡಿಸಿ ನೋಡುವುದು ಅಗತ್ಯ.

ತಪ್ಪು ಕಲ್ಪನೆ: ಅಪ್ರೂವಲ್ ಅಂದರೆ ದೆಹಲಿಯಿಂದ ಬರುವ ಒಂದು ಕಾಗದ. ಅದು ಬಂದಿದೆ, ಇಲ್ಲವೇ ಬಂದಿಲ್ಲ.

ವಾಸ್ತವ: ಕಾಗದ ಒಂದಲ್ಲ, ಹಲವು. ಭಾರತದಲ್ಲಿ ಈಗ ನಡೆಯುತ್ತಿರುವುದು 2017ರ ವೈದ್ಯಕೀಯ ಸಾಧನ ನಿಯಮಗಳ ಪ್ರಕಾರ. ಇವು 2018ರ ಜನವರಿ 1ರಿಂದ ಜಾರಿಯಲ್ಲಿವೆ. ಸಾಧನದಿಂದ ರೋಗಿಗೆ ಆಗಬಹುದಾದ ಅಪಾಯವನ್ನು ಅಳೆದು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗ ಮಾಡಿದ್ದಾರೆ. ಗಾಯಕ್ಕೆ ಕಟ್ಟುವ ಬಟ್ಟೆ ಎ ವರ್ಗ. ಥರ್ಮಾಮೀಟರ್, ಬಿಪಿ ನೋಡುವ ಯಂತ್ರ ಬಿ. ದೇಹದೊಳಗೆ ಕೂರಿಸುವ ಬಹಳಷ್ಟು ಇಂಪ್ಲಾಂಟ್‌ಗಳು ಸಿ. ಹೃದಯದ ಕವಾಟ ಡಿ. ದೇಶದಲ್ಲೇ ತಯಾರಾಗುವ ಎ ಮತ್ತು ಬಿ ವರ್ಗದ ಸಾಧನಕ್ಕೆ ರಾಜ್ಯದ ಪರವಾನಗಿ ಪ್ರಾಧಿಕಾರವೇ ಪರವಾನಗಿ ಕೊಡುತ್ತದೆ, ದೆಹಲಿಯ ಮಾತೇ ಬರುವುದಿಲ್ಲ. ಸಿ ಮತ್ತು ಡಿ ವರ್ಗಕ್ಕೆ, ಹಾಗೆಯೇ ಹೊರದೇಶದಿಂದ ತರಿಸುವ ಸಾಧನಕ್ಕೆ, ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ, ಅಂದರೆ ಸಿಡಿಎಸ್‌ಸಿಒ, ಪರವಾನಗಿ ಕೊಡಬೇಕು.

ಹೂಡಿಕೆದಾರ ನೋಡಬೇಕಾದ್ದು ಇದರೊಳಗಿನ ಮೆಟ್ಟಿಲುಗಳನ್ನು. ಪರೀಕ್ಷೆಗೆಂದು ನಾಲ್ಕಾರು ಸಾಧನ ತಯಾರಿಸಿಕೊಳ್ಳಲು ಕೊಡುವುದು ಎಂಡಿ-13 ಎಂಬ ನಮೂನೆಯ ಪರವಾನಗಿ. ಮನುಷ್ಯರ ಮೇಲೆ ಪ್ರಯೋಗಿಸಿ ನೋಡಲು ಕೊಡುವ ಅನುಮತಿ ಎಂಡಿ-23. ಈ ಮೊದಲು ಅಂಥದ್ದೇ ಸಾಧನ ದೇಶದಲ್ಲಿ ಇಲ್ಲದಿದ್ದರೆ ಬೇಕಾಗುವ ಅನುಮತಿ ಎಂಡಿ-27. ತಯಾರಿಸಿ ಮಾರಲು ಬೇಕಾದ ಪರವಾನಗಿ ಎ, ಬಿ ವರ್ಗಕ್ಕೆ ಎಂಡಿ-5, ಸಿ, ಡಿ ವರ್ಗಕ್ಕೆ ಎಂಡಿ-9. ಮೊದಲ ಮೆಟ್ಟಿಲಿನ ಎಂಡಿ-13 ಕೈಗೆ ಬಂದಾಗಲೇ “ಕೇಂದ್ರ ಸರ್ಕಾರದ ಪರ್ಮಿಶನ್ ಸಿಕ್ಕಿತು” ಎಂದು ಫೋಟೊ ಹರಿಬಿಟ್ಟರೆ ಅದರಲ್ಲಿ ಅಕ್ಷರಶಃ ಸುಳ್ಳಿಲ್ಲ. ಆದರೆ ಆ ಕಾಗದದಿಂದ ಒಂದೇ ಒಂದು ಸಾಧನವನ್ನೂ ಮಾರುವಂತಿಲ್ಲ. ಯಾರಾದರೂ ಅಪ್ರೂವಲ್ ಕಾಗದ ತೋರಿಸಿದರೆ ಮೊದಲು ಕಣ್ಣು ಹೋಗಬೇಕಾದ್ದು ಅದರ ನಮೂನೆಯ ಸಂಖ್ಯೆಯ ಕಡೆಗೆ.

ಇನ್ನೊಂದು ಮಾತು. ಬಹಳ ವರ್ಷ ನಮ್ಮಲ್ಲಿ ಹೆಚ್ಚಿನ ಸಾಧನಗಳಿಗೆ ಪರವಾನಗಿಯೇ ಬೇಕಿರಲಿಲ್ಲ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳನ್ನೂ ಕಾನೂನಿನ ವ್ಯಾಪ್ತಿಗೆ ತಂದರು. ಎ ವರ್ಗದ ಕೆಲವು ಸರಳ ಸಾಧನಗಳನ್ನು ಬಿಟ್ಟರೆ, ಎ, ಬಿ ವರ್ಗಕ್ಕೆ 2022ರ ಅಕ್ಟೋಬರ್‌ನಿಂದ, ಸಿ, ಡಿ ವರ್ಗಕ್ಕೆ 2023ರ ಅಕ್ಟೋಬರ್‌ನಿಂದ ಪರವಾನಗಿ ಕಡ್ಡಾಯವಾಯಿತು. “ನಮ್ಮ ಸಾಧನ ಹತ್ತು ವರ್ಷದಿಂದ ಮಾರುಕಟ್ಟೆಯಲ್ಲಿದೆ” ಎಂಬ ಮಾತಿಗೆ ಮೊದಲಿದ್ದ ತೂಕ ಈಗಿಲ್ಲ. ಆ ಹತ್ತು ವರ್ಷ ಯಾರೂ ಪರೀಕ್ಷಿಸದೇ ಇದ್ದ ವರ್ಷಗಳಾಗಿರಬಹುದು.

ತಪ್ಪು ಕಲ್ಪನೆ: “ಅಮೆರಿಕದ ಎಫ್‌ಡಿಎಯಲ್ಲಿ ರಿಜಿಸ್ಟರ್ ಆಗಿದೆ, ಇನ್ನೇನು ಬೇಕು?”

ವಾಸ್ತವ: ನೋಂದಣಿ ಬೇರೆ, ಒಪ್ಪಿಗೆ ಬೇರೆ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಎಫ್‌ಡಿಎಗೆ ಕಂಪನಿ ತನ್ನ ಹೆಸರು, ಕಾರ್ಖಾನೆ, ಸಾಧನದ ವಿವರ ಕೊಟ್ಟು ಶುಲ್ಕ ಕಟ್ಟಿದರೆ ನೋಂದಣಿ ಸಂಖ್ಯೆ ಸಿಗುತ್ತದೆ. ಇದರಿಂದ ಒಪ್ಪಿಗೆ ಸಿಕ್ಕಂತಾಗುವುದಿಲ್ಲ, ಹಾಗೆಂದು ಜನರನ್ನು ನಂಬಿಸುವುದು ತಪ್ಪು ಎಂದು ಅಮೆರಿಕದ ನಿಯಮದಲ್ಲೇ ಬರೆದಿದೆ. ಅಲ್ಲಿ ನಿಜವಾದ ದಾರಿಗಳು ಬೇರೆ. ಈಗಾಗಲೇ ಮಾರುಕಟ್ಟೆಯಲ್ಲಿರುವ ಸಾಧನಕ್ಕೆ ನಮ್ಮದು ಸರಿಸಮ ಎಂದು ತೋರಿಸುವುದು 510(ಕೆ) ದಾರಿ. ಹೆಚ್ಚು ಅಪಾಯದ ಸಾಧನಕ್ಕೆ ಪಿಎಂಎ ಎಂಬ ಕಠಿಣ ದಾರಿ, ಇದಕ್ಕೆ ಸಾಮಾನ್ಯವಾಗಿ ರೋಗಿಗಳ ಮೇಲಿನ ಅಧ್ಯಯನ ಬೇಕು. ‘ಬ್ರೇಕ್‌ಥ್ರೂ’ ಎಂಬ ಪಟ್ಟ ಸಿಕ್ಕಿದೆ ಎಂದರೆ ಅಧಿಕಾರಿಗಳು ಆ ಅರ್ಜಿಯ ಬಗ್ಗೆ ಕಂಪನಿಯೊಡನೆ ಬೇಗ ಬೇಗ ಮಾತಾಡುತ್ತಾರೆ ಎಂದಷ್ಟೇ ಅರ್ಥ, ಒಪ್ಪಿದ್ದಾರೆಂದಲ್ಲ.

ತಪ್ಪು ಕಲ್ಪನೆ: ಒಂದು ಬಳಕೆಗೆ ಒಪ್ಪಿಗೆ ಸಿಕ್ಕರೆ ಸಾಧನವನ್ನೇ ಒಪ್ಪಿದಂತೆ.

ವಾಸ್ತವ: ಇಲ್ಲಿ ಅಮೆರಿಕದ ಥೆರಾನೊಸ್ ಕಂಪನಿಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 2003ರಲ್ಲಿ ಎಲಿಜಬೆತ್ ಹೋಮ್ಸ್ ಶುರುಮಾಡಿದ ಕಂಪನಿ ಅದು. ಬೆರಳ ತುದಿಯ ಕೆಲವು ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಮಾಡುತ್ತೇವೆ ಎಂಬುದು ಅವರ ಭರವಸೆ. 2015ರ ಜುಲೈಯಲ್ಲಿ ಎಫ್‌ಡಿಎ ಒಂದು ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಒಂದಕ್ಕೆ ಮಾತ್ರ, ಹರ್ಪಿಸ್ ವೈರಾಣುವಿನ ಒಂದು ಬಗೆಗೆ. ಕಂಪನಿ ಅದನ್ನು ತನ್ನ ಇಡೀ ತಂತ್ರಜ್ಞಾನಕ್ಕೆ ಸಿಕ್ಕ ಮನ್ನಣೆಯೆಂದು ಹೇಳಿಕೊಂಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಒಳಗಿನ ಸತ್ಯವನ್ನು ಹೊರಗೆಡಹಿತು: ಬಹುಪಾಲು ಪರೀಕ್ಷೆಗಳನ್ನು ಬೇರೆ ಕಂಪನಿಗಳ ಯಂತ್ರದಲ್ಲೇ ಮಾಡಲಾಗುತ್ತಿತ್ತು. ಮುಂದಿನ ವರ್ಷ ಅದರ ಪ್ರಯೋಗಾಲಯದ ಪ್ರಮಾಣಪತ್ರ ರದ್ದಾಯಿತು. ಹೂಡಿಕೆದಾರರಿಂದ 70 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ಮೋಸದಿಂದ ಎತ್ತಿದ್ದಾರೆಂದು ಅಲ್ಲಿನ ಷೇರುಪೇಟೆ ನಿಯಂತ್ರಕರು 2018ರಲ್ಲಿ ಆರೋಪ ಹೊರಿಸಿದರು. 2022ರ ಜನವರಿಯಲ್ಲಿ ಹೋಮ್ಸ್ ಅಪರಾಧಿ ಎಂದು ತೀರ್ಪಾಯಿತು, ಹನ್ನೊಂದು ವರ್ಷಕ್ಕೂ ಮೀರಿದ ಸೆರೆವಾಸ ವಿಧಿಸಲಾಯಿತು.

ಹಣ ಕಳೆದುಕೊಂಡವರಲ್ಲಿ ರೂಪರ್ಟ್ ಮರ್ಡೋಕ್‌ರಂಥ ಪತ್ರಿಕೋದ್ಯಮಿಯೇ ಇದ್ದರು. ಅವರ ಬಳಿ ವಕೀಲರಿಗೆ, ಲೆಕ್ಕಿಗರಿಗೆ ಕೊರತೆ ಇರಲಿಲ್ಲ. ಅವರಲ್ಲಿ ಯಾರಾದರೂ “ಒಪ್ಪಿಗೆ ಸಿಕ್ಕಿರುವುದು ಎಷ್ಟು ಪರೀಕ್ಷೆಗೆ, ಮಾರುತ್ತಿರುವುದು ಎಷ್ಟನ್ನು” ಎಂದು ಪಟ್ಟು ಹಿಡಿದು ಕೇಳಿದ್ದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಈ ಪ್ರಶ್ನೆ ಕೇಳಲು ವೈದ್ಯಕೀಯ ಓದಿರಬೇಕಿಲ್ಲ.

ಪರವಾನಗಿಯಲ್ಲಿ ‘ಉದ್ದೇಶಿತ ಬಳಕೆ’ ಎಂದು ಒಂದು ಸಾಲಿರುತ್ತದೆ. ಎಲ್ಲವೂ ಆ ಸಾಲಿನ ಮೇಲೆ ನಿಂತಿದೆ. ದೇಹದ ಶಾಖದ ಚಿತ್ರ ತೆಗೆದು ಸ್ತನ ಕ್ಯಾನ್ಸರ್ ಸುಳಿವು ನೋಡುವ ಸಾಧನಗಳನ್ನೇ ತೆಗೆದುಕೊಳ್ಳಿ. ಎಫ್‌ಡಿಎ ಅವುಗಳಿಗೆ ಒಪ್ಪಿಗೆ ಕೊಟ್ಟದ್ದು ಮ್ಯಾಮೋಗ್ರಾಮ್ ಜೊತೆಗೆ ಬಳಸಲು. ಮ್ಯಾಮೋಗ್ರಾಮ್ ಬದಲಿಗೆ ಬಳಸಬೇಡಿ ಎಂದು ಸಾರ್ವಜನಿಕರಿಗೆ ಎಚ್ಚರಿಕೆಯನ್ನೂ ಕೊಟ್ಟಿದೆ. ‘ಜೊತೆಗೆ’ ಮತ್ತು ‘ಬದಲಿಗೆ’ ಇವೆರಡರ ನಡುವೆ ಮಾರುಕಟ್ಟೆ ಎಷ್ಟು ಕುಗ್ಗುತ್ತದೆ ಎಂಬುದನ್ನು ಹೂಡಿಕೆದಾರ ಲೆಕ್ಕ ಹಾಕಬೇಕು. ಹಾಗೆಯೇ ‘ಬದಲಿಗೆ’ ಎಂದು ನಂಬಿದ ಹೆಣ್ಣುಮಗಳ ಗಂಟು ಪತ್ತೆಯಾಗದೇ ಉಳಿದರೆ ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು.

ತಪ್ಪು ಕಲ್ಪನೆ: ತಡವಾಗುತ್ತಿದೆ ಎಂದರೆ ಫೈಲು ಎಲ್ಲೋ ಕೂತಿದೆ. ಯಾರನ್ನೋ ಹಿಡಿದರೆ ಮುಂದೆ ಹೋಗುತ್ತದೆ.

ವಾಸ್ತವ: ಕಚೇರಿಗಳಲ್ಲಿ ಫೈಲು ಕೂರುವುದಿಲ್ಲ ಎಂದು ನಾನು ಹೇಳಲಾರೆ. ಆದರೆ ಸಾಧನದ ವಿಷಯದಲ್ಲಿ ಬಹಳಷ್ಟು ಸಲ ಫೈಲು ಕೂತಿರುವುದು ಕಂಪನಿಯ ಮೇಜಿನ ಮೇಲೆ. 510(ಕೆ) ಅರ್ಜಿಗೆ ಎಫ್‌ಡಿಎ ಇಟ್ಟುಕೊಂಡಿರುವ ಗುರಿ 90 ದಿನ. ಕೇಳಿ ನಿರಾಳವಾಗುವವರು ಒಂದನ್ನು ಗಮನಿಸುವುದಿಲ್ಲ: ಹೆಚ್ಚಿನ ಮಾಹಿತಿ ಕೇಳಿ ಪತ್ರ ಬರೆದ ದಿನ ಗಡಿಯಾರ ನಿಲ್ಲುತ್ತದೆ, ಕಂಪನಿ ಉತ್ತರ ಕೊಟ್ಟ ಮೇಲೆಯೇ ಮತ್ತೆ ಓಡುತ್ತದೆ. ನಮ್ಮಲ್ಲೂ ಅರ್ಜಿಯಲ್ಲಿನ ಕೊರತೆ ತಿಳಿಸುವ ಪತ್ರ ಬಂದ ಮೇಲೆ ಮುಂದಿನ ಹೆಜ್ಜೆ ಅರ್ಜಿದಾರರದ್ದೇ. “ಅರ್ಜಿ ಹಾಕಿ ಎಂಟು ತಿಂಗಳಾಯಿತು” ಎಂದವರನ್ನು “ಕೊನೆಯ ಪತ್ರ ಯಾರಿಂದ ಯಾರಿಗೆ ಹೋಯಿತು” ಎಂದು ಕೇಳಿ ನೋಡಿ.

ಕಾಯುವುದರ ಅರ್ಥ ತಿಳಿಯಬೇಕಾದರೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಕಡೆ ನೋಡಬೇಕು. ಅಲ್ಲಿನ ಸೋಲಿಗರಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ ಇದೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ತಡೆಯಲಾರದ ನೋವು ಬರುತ್ತದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಈ ಬೆಟ್ಟದಲ್ಲಿ ದಶಕಗಳಿಂದ ಆರೋಗ್ಯ ಸೇವೆ ಕೊಡುತ್ತಿದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಈ ಕಾಯಿಲೆಯ ವಿರುದ್ಧ ರಾಷ್ಟ್ರೀಯ ಅಭಿಯಾನ ಆರಂಭಿಸಿತು. 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ 7 ಕೋಟಿ ಜನರ ತಪಾಸಣೆ ಅದರ ಗುರಿ, ಕರ್ನಾಟಕವೂ ಅದರಲ್ಲಿದೆ. ಸೋಲಿಗರ ಹಾಡಿಯಾದ ಪೋಡಿನಲ್ಲೇ ಕೂತು ನಿಮಿಷಗಳಲ್ಲಿ ಫಲಿತಾಂಶ ಹೇಳುವ ಕಿಟ್‌ಗಳಿಗೆ ಇದರಿಂದ ದೊಡ್ಡ ಮಾರುಕಟ್ಟೆ ತೆರೆಯಿತು, ಹೂಡಿಕೆದಾರರೂ ಬಂದರು.

ಈಗ ಅಂಥ ಒಂದು ಕಿಟ್ ಸರಿಯಾಗಿ ಪರೀಕ್ಷೆಗೆ ಒಳಗಾಗದೇ ಹೊರಬಂತೆಂದು ಇಟ್ಟುಕೊಳ್ಳಿ. ಕಾಯಿಲೆಯ ಅಂಶ ಇರುವ ಒಬ್ಬ ಹುಡುಗಿಗೆ, ಒಬ್ಬ ಹುಡುಗನಿಗೆ “ನಿಮಗಿಲ್ಲ” ಎಂದು ಅದು ಹೇಳುತ್ತದೆ. ಅವರಿಬ್ಬರೂ ಮದುವೆಯಾಗುತ್ತಾರೆ. ಇಬ್ಬರಲ್ಲೂ ಆ ಅಂಶವಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಕುಟುಂಬದ ಮುಂದೆ ಹೂಡಿಕೆದಾರನ ಆರು ತಿಂಗಳ ಬಡ್ಡಿ ಯಾವ ಲೆಕ್ಕ? ತಪಾಸಣೆಯ ಸಾಧನ ಎಷ್ಟು ಜನರಲ್ಲಿ ಕಾಯಿಲೆಯನ್ನು ತಪ್ಪದೆ ಹಿಡಿಯಿತು, ಎಷ್ಟು ಆರೋಗ್ಯವಂತರಿಗೆ ಸುಳ್ಳೇ ಭಯ ಹುಟ್ಟಿಸಿತು, ಬೇಸಿಗೆಯ ಬಿಸಿಯಲ್ಲಿ ಕಿಟ್ ಕೆಡುತ್ತದೆಯೇ ಎಂದೆಲ್ಲ ನೋಡಲು ಕಾಲ ಹಿಡಿಯುತ್ತದೆ. ಆ ಕಾಲ ವ್ಯರ್ಥವಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಬೆಟ್ಟದ ಮೇಲಿನವರಿಗೆ ಒಂದು, ಬೆಂಗಳೂರಿನವರಿಗೆ ಒಂದು ಎಂದು ಎರಡು ಅಳತೆ ಇರಬಾರದು.

ಇದು ಬರೀ ಊಹೆಯ ಮಾತಲ್ಲ. 2020ರಲ್ಲಿ ಕೊರೊನಾ ಬಂದಾಗ ಚೀನಾದ ಎರಡು ಕಂಪನಿಗಳ ಪ್ರತಿಕಾಯ ಪರೀಕ್ಷೆಯ ಕಿಟ್‌ಗಳನ್ನು ತುರ್ತಾಗಿ ತರಿಸಲಾಯಿತು. ಕಾಗದದಲ್ಲಿ ಎಲ್ಲ ಸರಿಯಿತ್ತು. ರಾಜ್ಯಗಳು ಬಳಸಿ ನೋಡಿದಾಗ ಫಲಿತಾಂಶ ಒಂದಕ್ಕೊಂದು ತಾಳೆಯಾಗಲಿಲ್ಲ. ಏಪ್ರಿಲ್ 27ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಅವುಗಳ ಬಳಕೆ ನಿಲ್ಲಿಸಿ ಹಿಂದಿರುಗಿಸಲು ಹೇಳಿತು.

ತಪ್ಪು ಕಲ್ಪನೆ: ಅಪ್ರೂವಲ್ ಬಂದ ದಿನದಿಂದ ಹಣ ಬರಲು ಶುರು.

ವಾಸ್ತವ: ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸೀರೆಗೆ ಸಿಲ್ಕ್ ಮಾರ್ಕ್ ಇದೆ ಎಂದರೆ ಅದು ಅಪ್ಪಟ ರೇಷ್ಮೆ ಎಂದಾಯಿತು. ಅದು ಮಾರಾಟವಾಗುತ್ತದೆ, ಕೇಳಿದ ಬೆಲೆಗೇ ಹೋಗುತ್ತದೆ ಎಂದಾಗಲಿಲ್ಲ. ಪರವಾನಗಿಯೂ ಹಾಗೆಯೇ. ಅದರ ನಂತರ ವೈದ್ಯರು ಒಪ್ಪಬೇಕು, ಆಸ್ಪತ್ರೆ ಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗೆ ಹೋಗಬೇಕಾದರೆ ಟೆಂಡರ್‌ನಲ್ಲಿ ಗೆಲ್ಲಬೇಕು, ಬಿಲ್ ಪಾಸಾಗಬೇಕು. ಯಂತ್ರ ಕೆಟ್ಟರೆ ಹನೂರಿಗೆ, ಮಹದೇಶ್ವರ ಬೆಟ್ಟಕ್ಕೆ ಬಂದು ರಿಪೇರಿ ಮಾಡುವ ಜನ ಇರಬೇಕು. ಈ ಕೊನೆಯದಕ್ಕೆ ಕಂಪನಿಯ ಲೆಕ್ಕದಲ್ಲಿ ಹಣ ಎತ್ತಿಟ್ಟಿದೆಯೇ ಎಂದು ಕೇಳುವ ಹೂಡಿಕೆದಾರರು ಬಹಳ ಕಡಿಮೆ.

ಬೆಲೆಯ ಮೇಲೂ ಕಂಪನಿಯ ಹಿಡಿತ ಪೂರ್ತಿ ಇರುವುದಿಲ್ಲ. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಹೃದಯದ ಸ್ಟೆಂಟಿಗೆ ಮಿತಿ ಹಾಕಿತು: ಬರಿಯ ಲೋಹದ್ದಕ್ಕೆ ₹7,260, ಔಷಧ ಲೇಪಿಸಿದ್ದಕ್ಕೆ ₹29,600. ಅದೇ ವರ್ಷದ ಆಗಸ್ಟ್‌ನಲ್ಲಿ ಮಂಡಿ ಇಂಪ್ಲಾಂಟ್‌ಗಳ ಸರದಿ ಬಂತು. ರೋಗಿಗೆ ಅದು ಸಲ್ಲಬೇಕಾದ ನ್ಯಾಯವೇ ಆಗಿತ್ತು. ಹಳೆಯ ಬೆಲೆ ನಂಬಿ ಲಾಭದ ಲೆಕ್ಕ ಬರೆದಿದ್ದವರು ಮಾತ್ರ ಹೊಸದಾಗಿ ಬರೆಯಬೇಕಾಯಿತು.

ಅಪ್ರೂವಲ್ಲಿಗೂ ಲಾಭಕ್ಕೂ ನಡುವಿನ ದೂರ ತಿಳಿಯಲು ಬೆಂಗಳೂರಿನ ಎರಡು ಉದಾಹರಣೆ ಸಾಕು. ಬಿಗ್‌ಟೆಕ್ ಲ್ಯಾಬ್ಸ್ 2000ರಲ್ಲಿ ಶುರುವಾಯಿತು. ಬ್ಯಾಟರಿಯಲ್ಲಿ ಓಡುವ, ಎಸಿ ಕೋಣೆ ಬೇಡದ, ಸಣ್ಣ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಇಡಬಹುದಾದ ಪಿಸಿಆರ್ ಯಂತ್ರ ಅವರ ಗುರಿ. ಅದೇ ಟ್ರೂನ್ಯಾಟ್. ಕ್ಷಯ ಪತ್ತೆಗೆ ಅದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2020ರಲ್ಲಿ. ನಡುವೆ ಇಪ್ಪತ್ತು ವರ್ಷ ಕಳೆದಿತ್ತು. ಈಗ ಅದು ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮದ ಭಾಗ. ಆ ಇಪ್ಪತ್ತು ವರ್ಷ ಹಣ ಹಿಡಿದು ನಿಂತವರಿಗೆ ಫಲ ಸಿಕ್ಕಿತು, ಎರಡನೇ ವರ್ಷಕ್ಕೇ ದುಪ್ಪಟ್ಟು ಬಯಸುವವರಿಗೆ ಇದು ಜಾಗವೇ ಅಲ್ಲ. ಇನ್ನೊಂದು, ಎಲೆಕ್ಟ್ರಾನಿಕ್ಸ್ ಸಿಟಿಯ ಆಪ್ಟೋ ಸರ್ಕ್ಯೂಟ್ಸ್. ಷೇರುಪೇಟೆಯಲ್ಲಿ ಒಂದು ಕಾಲಕ್ಕೆ ಮಿಂಚಿದ ಕಂಪನಿ, 2010ರಲ್ಲಿ ಅಮೆರಿಕದ ಕಾರ್ಡಿಯಾಕ್ ಸೈನ್ಸ್ ಅನ್ನೇ ಕೊಂಡಿತು. ಒಪ್ಪಿಗೆ ಪಡೆದ ಸಾಧನಗಳು ಅದರ ಬಳಿ ಬೇಕಾದಷ್ಟಿದ್ದವು. ಸಾಲ ತೀರಿಸಲಾಗದೆ ಕೊನೆಗೆ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅಪ್ರೂವಲ್ ಪಟ್ಟಿ ಓದಿದವರು ಸಾಲದ ಪಟ್ಟಿಯನ್ನೂ ಓದಬೇಕಿತ್ತು.

ತಪ್ಪು ಕಲ್ಪನೆ: ಒಮ್ಮೆ ಕೊಟ್ಟ ಪರವಾನಗಿ ಶಾಶ್ವತ.

ವಾಸ್ತವ: ನಮ್ಮ ನಿಯಮದಲ್ಲಿ ಪರವಾನಗಿಗೆ ಮುಗಿಯುವ ದಿನಾಂಕ ಇಲ್ಲ ಎಂಬುದು ನಿಜ. ಆದರೆ ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಉಳಿಸಿಕೊಳ್ಳಬೇಕು, ಅಮಾನತಿಗೂ ರದ್ದತಿಗೂ ದಾರಿ ಇದೆ. ಜಾನ್ಸನ್ ಅಂಡ್ ಜಾನ್ಸನ್ ಗುಂಪಿನ ಎಎಸ್ಆರ್ ಎಂಬ ಸೊಂಟದ ಕೀಲಿನ ಇಂಪ್ಲಾಂಟ್ ಅಮೆರಿಕದಲ್ಲೂ ಒಪ್ಪಿಗೆ ಪಡೆದಿತ್ತು, ನಮ್ಮ ದೇಶಕ್ಕೂ ಪರವಾನಗಿ ಪಡೆದೇ ಬಂದಿತ್ತು. ಅದರಲ್ಲಿ ಲೋಹಕ್ಕೆ ಲೋಹ ಉಜ್ಜಿ, ಸವೆದ ಲೋಹ ರೋಗಿಗಳ ರಕ್ತಕ್ಕೆ ಸೇರುತ್ತಿತ್ತು. 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಅದನ್ನು ಹಿಂತೆಗೆದುಕೊಂಡರು. ಭಾರತದಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡಿದ್ದರು. ಅವರ ಪರಿಹಾರದ ಹೋರಾಟ ವರ್ಷಗಟ್ಟಲೆ ನಡೆಯಿತು. ಇಂಥ ತೊಂದರೆಗಳನ್ನು ದಾಖಲಿಸಲೆಂದೇ 2015ರ ಜುಲೈಯಿಂದ ಭಾರತೀಯ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ನಡೆಯುತ್ತಿದೆ. ಸಾಧನದಿಂದ ತೊಂದರೆಯಾದ ರೋಗಿಯ ಕಡೆಯವರೂ ಅಲ್ಲಿಗೆ ವರದಿ ಮಾಡಬಹುದು.

ತಪ್ಪು ಕಲ್ಪನೆ: “ಅಪ್ರೂವಲ್ ಬಂದ ಮೇಲೆ ಷೇರು ಸಿಗಕಿಲ್ಲ, ಈಗ್ಲೇ ಹಾಕ್ಬುಡು. ಒಳಗಿನ ಸುದ್ದಿ ಕಣಣ್ಣ.”

ವಾಸ್ತವ: ಇದು ಹಣ ಹೋಗುವ ದಾರಿ. ಪೇಟೆಯಲ್ಲಿ ನೋಂದಾಯಿತವಾದ ಕಂಪನಿಯಾದರೆ, ಮುಖ್ಯವಾದ ಪರವಾನಗಿ ಸಿಕ್ಕಿದ್ದನ್ನು, ರದ್ದಾದದ್ದನ್ನು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂಬ ನಿಯಮ ನಮ್ಮ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯದ್ದು. ಅಲ್ಲಿ ಬಾರದ ಸುದ್ದಿ ವಾಟ್ಸಾಪಿನಲ್ಲಿ ಬಂದರೆ ಅದು ಸುಳ್ಳಿರಬೇಕು. ನಿಜವೇ ಆಗಿದ್ದರೆ, ಅದನ್ನು ಬಳಸಿ ಷೇರು ಕೊಳ್ಳುವುದು ಅಪರಾಧ. ಸಲಹೆ ಕೊಡುವವರ ಸೆಬಿ ನೋಂದಣಿ ಸಂಖ್ಯೆ ಕೇಳಿ. ಹೂಡಿಕೆ ಸಲಹೆಗಾರರದ್ದು ಐಎನ್ಎ ಎಂದೂ, ಸಂಶೋಧನಾ ವಿಶ್ಲೇಷಕರದ್ದು ಐಎನ್ಎಚ್ ಎಂದೂ ಶುರುವಾಗುತ್ತದೆ.

ಪೇಟೆಗೆ ಬಾರದ ಕಂಪನಿಯ ಷೇರು ಎಂದು ನೇರವಾಗಿ ಹಣ ಕೇಳಿದರೆ ಇನ್ನೂ ಎಚ್ಚರ ಬೇಕು. 2013ರ ಕಂಪನಿ ಕಾಯಿದೆಯ 42ನೇ ಕಲಮು ಇದಕ್ಕೆಂದೇ ಇದೆ. ಹೀಗೆ ಖಾಸಗಿಯಾಗಿ ಷೇರು ಕೊಡುವುದನ್ನು ಜಾಹೀರಾತು ಮಾಡುವಂತಿಲ್ಲ. ಕೆಲವು ವಿನಾಯಿತಿ ಬಿಟ್ಟರೆ ಒಂದು ಹಣಕಾಸು ವರ್ಷದಲ್ಲಿ 200ಕ್ಕಿಂತ ಹೆಚ್ಚು ಜನರನ್ನು ಕೇಳುವಂತಿಲ್ಲ. ನಿಮ್ಮ ಹೆಸರಿಗೇ ಬರೆದ, ಕ್ರಮಸಂಖ್ಯೆ ಹಾಕಿದ ಅರ್ಜಿ ಬರಬೇಕು. ಹಣ ಬ್ಯಾಂಕಿನ ಮೂಲಕವೇ ಹೋಗಬೇಕು, ನಗದು ನಿಷಿದ್ಧ. ಕಲ್ಯಾಣ ಮಂಟಪದಲ್ಲಿ ಸಭೆ ಸೇರಿಸಿ, ಊಟ ಹಾಕಿಸಿ, ನೋಟಿನ ಕಟ್ಟು ಪಡೆದು ಚೀಟಿ ಬರೆದುಕೊಟ್ಟರೆ ಅಲ್ಲಿಗೇ ಕಾನೂನು ಮುರಿದಂತಾಯಿತು, ಸಾಧನ ಎಷ್ಟೇ ಒಳ್ಳೆಯದಿರಲಿ.

ಹಣ ಕಟ್ಟಿದ ದಿನದಿಂದ 60 ದಿನದೊಳಗೆ ಷೇರು ಹಂಚಿಕೆಯಾಗಬೇಕು. ಆಗದಿದ್ದರೆ ಮುಂದಿನ 15 ದಿನದಲ್ಲಿ ಹಣ ವಾಪಸ್ಸು ಕೊಡಬೇಕು. ಅದೂ ತಪ್ಪಿದರೆ 60ನೇ ದಿನ ಮುಗಿದಲ್ಲಿಂದ ವರ್ಷಕ್ಕೆ ಶೇ. 12ರ ಬಡ್ಡಿ ಸೇರಿಸಿ ಕೊಡಬೇಕು. “ಸಾಧನಕ್ಕೆ ಅಪ್ರೂವಲ್ ಬರಲಿ, ಆಮೇಲೆ ಷೇರು ಕೊಡುತ್ತೇವೆ” ಎಂಬ ಸಬೂಬು ಈ ಕಲಮಿನಲ್ಲಿ ಎಲ್ಲೂ ಇಲ್ಲ. ಸಾಧನದ ಪರವಾನಗಿ ಒಂದು ಕಚೇರಿಯ ಕೆಲಸ, ನಿಮ್ಮ ಷೇರು ಹಂಚಿಕೆ ಇನ್ನೊಂದು ಕಾನೂನಿನ ಕೆಲಸ. ಒಂದಕ್ಕಾಗಿ ಇನ್ನೊಂದು ಕಾಯುವುದಿಲ್ಲ. ಹೀಗೆ ಹಣ ಕೊಟ್ಟು 75 ದಿನ ದಾಟಿದವರು ಬ್ಯಾಂಕಿನ ದಾಖಲೆ ಹಿಡಿದು ಲಿಖಿತವಾಗಿ ಹಣ ವಾಪಸ್ಸು ಕೇಳಬಹುದು. ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿರುವ ಕಂಪನಿ ರಿಜಿಸ್ಟ್ರಾರ್ ಕಚೇರಿಗೆ ದೂರು ಕೊಡಬಹುದು.